ಪೊಲೀಸರನ್ನು ನಗಿಸುವ ವಿದ್ಯೆ

ಸಿರಿಲ್ ಕೊವಾಲಿಕ್‌ನ ಮನೆಯಲ್ಲಿ ಭಾನುವಾರದ ಊಟಕ್ಕೊಂದು ಕಟ್ಟಳೆಯಿತ್ತು: ಮೇಜಿನ ಮುಂದೆ ರಾಜಕೀಯ ಎತ್ತಿದವರು ಪಾತ್ರೆ ತೊಳೆಯಬೇಕು. ಇದನ್ನು ಹಾಕಿಕೊಟ್ಟವಳು ಅವನ ಹೆಂಡತಿ ಡೊಲೊರೆಸ್. ಆಕೆ ತೀರಿಕೊಂಡು ವರ್ಷಗಳಾಗಿದ್ದರೂ ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿತ್ತು. ಪಾತ್ರೆಯ ಹೆದರಿಕೆಗಾದರೂ ಅಪ್ಪ ಮಗಳು ಬಾಯಿ ಮುಚ್ಚಿಕೊಂಡು ಉಣ್ಣಲಿ ಎನ್ನುವುದು ಪಾಪ ಆಕೆಯ ಎಣಿಕೆ. ಆದದ್ದೇ ಬೇರೆ. ಪ್ರತಿ ಭಾನುವಾರ ಸಿರಿಲ್ ಮತ್ತು ಮಗಳು ಮಾರ್ಸಿ ಇಬ್ಬರೂ ಸೋತು, ಸಿಂಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು, ಅವನು ತಿಕ್ಕಿ ಇವಳು ಒರೆಸಿ, ಮೇಜಿನ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಜಗಳವನ್ನು ಅಲ್ಲಿ ಪೂರೈಸುತ್ತಿದ್ದರು. ಚುನಾವಣೆಯ ವರ್ಷಗಳಲ್ಲಿ ಆ ಮನೆಯ ಪಾತ್ರೆಗಳು ಪಳಪಳ ಹೊಳೆಯುತ್ತಿದ್ದವು.

ಆ ಮನೆಯಲ್ಲಿ ಒಂದು ಚಮಚವನ್ನೂ ತೊಳೆಯದೆ ಉಳಿದವನೆಂದರೆ ಅಳಿಯ ಎವರೆಟ್ ಗೇನ್ಸ್ ಒಬ್ಬನೇ. ಅವನು ಕಪ್ಪು ಜನಾಂಗದವನು, ಹೇಜಲ್ ಫೆರ್ರಿ ಊರಿನ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು. ವಾರವೆಲ್ಲ ಅಪಸ್ವರದ ಕಹಳೆ ಕೇಳಿ ಬಂದವನಿಗೆ ಭಾನುವಾರ ಬೇಕಾಗಿದ್ದದ್ದು ಎರಡೇ: ಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ಶಾವಿಗೆ, ಅಂದರೆ ಮಾವನ ಕೈಯ ಹಲುಷ್ಕಿ, ಮತ್ತು ಮೌನ. ಮಾವ ಏನು ಹೇಳಿದರೂ "ಹೌದು ಸರ್", "ಇರಬಹುದು ಸರ್", ಬಹಳವೆಂದರೆ "ಇನ್ನೊಂದು ಸ್ವಲ್ಪ ಬಡಿಸ್ತೀರಾ ಸರ್". ಮದುವೆಯಾದಂದಿನಿಂದಲೂ ಇಷ್ಟೇ. ತನಗೆ ಇಂಥ ಮರ್ಯಾದಸ್ಥ ಅಳಿಯ ಸಿಕ್ಕಿದ್ದಾನೆಂದು ಸಿರಿಲ್ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಮಾರ್ಸಿಗೆ ಮೌನ ಆಗಿಬರದು. ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಗಳಿಗೆ ಸಮಯ ಹೊಂದಿಸಿಕೊಡುವ ಕೆಲಸ ಅವಳದು. ದಿನವಿಡೀ ಫೋನಿನಲ್ಲಿ ಒದರಿ ಗಂಟಲು ಹೋಗಿದ್ದರೂ ಮಂಗಳವಾರದ ಓದುಗರ ಬಳಗವನ್ನು ಅವಳು ತಪ್ಪಿಸಿಕೊಂಡವಳಲ್ಲ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಒಂದಷ್ಟು ಬಿಳಿಯ ಹೆಂಗಸರು ಸೇರಿ ವರ್ಣಭೇದದ ಬಗ್ಗೆ ಪುಸ್ತಕ ಓದುವುದು, ಓದಿ ಸರದಿಯ ಮೇಲೆ ಅಳುವುದು. ಒಮ್ಮೆ ಎವರೆಟ್‌ನನ್ನೂ ಅತಿಥಿಯಾಗಿ ಕರೆದಿದ್ದರು. ಅವನು ಹೋದ, ಕುರ್ಚಿಗಳನ್ನು ಜೋಡಿಸಿಕೊಟ್ಟ, ನಾಲ್ವರಿಗೆ ಕರವಸ್ತ್ರ ಕೊಟ್ಟ, ಬಂದ. ಮತ್ತೆ ಕರೆದಾಗ, "ನೀನು ಹೋಗಿ ನನ್ನ ಪಾಲಿಂದೂ ಅತ್ತು ಬಾ. ನಾನು ಬಟ್ಟೆ ಒಗೆದಿಡ್ತೀನಿ," ಎಂದ.

ಅವರ ಒಬ್ಬಳೇ ಮಗಳು ನಡೀನ್, ಅಪ್ಪನ ಬಣ್ಣ, ಅಮ್ಮನ ಬಾಯಿ. ಆ ಬೇಸಿಗೆಯಲ್ಲಿ ಅವಳಿಗೆ ಲೈಸೆನ್ಸ್ ಬಂತು. ಹೊಳೆಯಾಚೆಯ ಈಜುಕೊಳದಲ್ಲಿ ಈಜುವವರನ್ನು ಕಾಯುವ ಕೆಲಸವೂ ಸಿಕ್ಕಿತು. ಇನ್ನೊಂದು ವಾರ ಕಳೆದು ಬರುವ ಸೋಮವಾರದಿಂದ ಅವಳು ದಿನಾ ಒಬ್ಬಳೇ ಕಾರಿನಲ್ಲಿ ಸೇತುವೆ ದಾಟಿ ಹೋಗಿಬರಬೇಕು. ಸಿರಿಲ್ ತನ್ನ ಹಳೆಯ ಬ್ಯೂಕ್ ಕಾರನ್ನು ಮೊಮ್ಮಗಳಿಗೆ ಕೊಟ್ಟೇಬಿಟ್ಟ. ಆ ಭಾನುವಾರ ಊಟದ ಮಧ್ಯೆ ಎದೆಯುಬ್ಬಿಸಿ ಹೇಳಿದ:

"ಸ್ಟೀರಿಂಗ್ ತಿರುಗ್ಸೋದು ಯಾವನು ಬೇಕಾದ್ರೂ ಕಲಿಸ್ತಾನೆ. ಪೊಲೀಸ್ನೋರು ನಿಲ್ಲಿಸಿದ್ರೆ ಏನು ಮಾಡ್ಬೇಕು, ಅದನ್ನ ಕಲಿಸಿದೀನಿ ನಾನು. ಹೇಳು ಪುಟ್ಟಿ, ದೇದೊ ಏನು ಹೇಳ್ಕೊಟ್ಟೆ?"

ನಡೀನ್ ಅಜ್ಜನನ್ನು ದೇದೊ ಎಂದೇ ಕರೆಯುತ್ತಿದ್ದದ್ದು, ಸ್ಲೊವಾಕ್ ಮನೆಗಳಲ್ಲಿ ಎಲ್ಲರೂ ಕರೆಯುವ ಹಾಗೆ. ಅವಳು ಬಾಯಲ್ಲಿದ್ದದ್ದನ್ನು ನುಂಗಿ, ಪಾಠ ಒಪ್ಪಿಸುವವಳಂತೆ ಹೇಳಿದಳು. "ಅವನು ನಮ್ಮ ಹತ್ರ ಬರೋಕೆ ಮುಂಚೆ ನಾವೇ ಅವನ ಹತ್ರ ಹೋಗ್ಬೇಕು. ಟಕ್ ಅಂತ ಇಳಿದು, ಎರಡೂ ಕೈ ಅಗಲ ಮಾಡ್ಕೊಂಡು, ನಗ್ತಾ. ಆಮೇಲೆ ಕೋಟಿನ ಒಳಗೆ ಕೈ ಹಾಕಿ…"

"ಹಾಕಿ?"

"ಆಕ್ರೋಟು ತುಂಬಿದ ಸಿಹಿ ಬ್ರೆಡ್ ರೋಲು ತೆಗೆದು ಕೊಡ್ಬೇಕು."

"ಭೇಷ್!" ಸಿರಿಲ್ ಮೇಜು ಗುದ್ದಿದ. "ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ರಿಟೈರ್ ಆಗೋ ತನಕ ಈ ಕಣಿವೇಲಿ ಬ್ರೆಡ್ ಲಾರಿ ಓಡಿಸ್ದೋನು ನಾನು. ಎಷ್ಟು ಸಲ ಹಿಡಿದಿದಾರೋ ಲೆಕ್ಕವಿಲ್ಲ. ಒಂದೇ ಒಂದು ದಂಡ? ಊಹೂಂ. ಪೊಲೀಸ್ನೋನೂ ಮನುಷ್ಯನೇ, ಬೆಳಗಿಂದ ಯಾರೂ ಅವನಿಗೆ ನಗುಮುಖ ತೋರಿಸಿರಲ್ಲ. ನಗಿಸಿಬಿಟ್ರೆ ಮುಗೀತು. ಇದೊಂದು ವಿದ್ಯೆ."

ಎವರೆಟ್ ಫೋರ್ಕನ್ನು ಸದ್ದಾಗದಂತೆ ತಟ್ಟೆಯ ಅಂಚಿಗಿಟ್ಟ. "ಕೋಟಿನ ಒಳಗೆ ಕೈ, ಸರ್?" ಎಂದು ಕೇಳಿದ. ಅಷ್ಟೇ. ಆದರೆ ಅವನ ಕೊರಳಿನ ನರ ಎದ್ದದ್ದನ್ನು ಮಾರ್ಸಿ ಕಂಡಳು. ಇಲ್ಲಿ ಒಂದು ಕ್ಷಣ ತಡೆದಿದ್ದರೆ ಅವನೇ ಏನಾದರೂ ಹೇಳುತ್ತಿದ್ದನೋ ಏನೋ. ತಡೆಯುವುದು ಮಾರ್ಸಿಗೆ ಗೊತ್ತಿದ್ದರೆ ತಾನೆ.

"ಅಪ್ಪ! ವಿದ್ಯೆನೂ ಅಲ್ಲ, ಮಣ್ಣೂ ಅಲ್ಲ. ಬಿಳಿಯರ ಸವಲತ್ತು ಅಂತಾರಲ್ಲ, ಅದು ಇದೇ!"

ಎವರೆಟ್ ಕಣ್ಣು ಮುಚ್ಚಿಕೊಂಡ. ನಡೀನ್ ತನ್ನ ತಟ್ಟೆಯನ್ನೂ ಅಪ್ಪನ ತಟ್ಟೆಯನ್ನೂ ಎತ್ತಿ ಸಿಂಕಿನ ಪಕ್ಕ ಇಟ್ಟು ಬಂದಳು, ಹೇಗೂ ತೊಳೆಯುವವರು ಯಾರೆಂದು ತೀರ್ಮಾನವಾಯಿತಲ್ಲ.

"ಸವಲತ್ತಂತೆ ಸವಲತ್ತು!" ಸಿರಿಲ್‌ನ ಮುಖ ಬೀಟ್‌ರೂಟಾಯಿತು. "ನಮ್ಮ ತಾತ ಹಡಗಿಂದ ಇಳಿದಾಗ ಕಾಲಿಗೆ ಬೇರೆಯೋರ ಬೂಟು ಹಾಕ್ಕೊಂಡು ಬಂದ ಕಣೇ. ಗಣೀಲಿ ಅವನನ್ನ ಹೆಸರಿಟ್ಟು ಕರೆದೋರಿಲ್ಲ, 'ಏ ಹಂಕಿ' ಅಂತಿದ್ರು, ನಾಯಿನ ಕರೆದ ಹಾಗೆ. ನಮ್ಮಪ್ಪ ಕಲ್ಲಿದ್ದಲು ಕೆಮ್ಮಿ ಕೆಮ್ಮಿ ಸತ್ತ. ನನ್ನ ಕಾರ್ಖಾನೆ ಒಂದು ಬೆಳಗ್ಗೆ ಬೀಗ ಹಾಕ್ಕೊಂಡು ಹೋಯ್ತು. ಈ ಸವಲತ್ತನ್ನ ಯಾವ ಕಿಟಕೀಲಿ ಹಂಚ್ತಿದ್ರು, ಸ್ವಲ್ಪ ಹೇಳು. ನನಗ್ಯಾಕೆ ಯಾರೂ ಹೇಳ್ಲಿಲ್ಲ? ನಾನೂ ಸರದೀಲಿ ನಿಲ್ತಿದ್ನಲ್ಲ!"

"ನೀನು ಕಷ್ಟಪಟ್ಟಿಲ್ಲ ಅಂತ ಯಾರು ಹೇಳಿದ್ರು? ಅದು ವ್ಯವಸ್ಥೆಯ ಪ್ರಶ್ನೆ ಅಪ್ಪ, ವೈಯಕ್ತಿಕ ಅಲ್ಲ."

"ಅಳಿಯನಿಗೆ ಮೀನು ಹಿಡಿಯೋ ನನ್ನ ಒಳ್ಳೇ ಕೋಲನ್ನೇ ಕೊಟ್ಟಿದೀನಿ! ನನ್ನ ಮನೇಲೇ ಕೂತು, ನಾನೇ ಮಾಡಿದ ಹಲುಷ್ಕಿ ತಿಂದು, ನನ್ನನ್ನೇ ಜನಾಂಗದ್ವೇಷಿ ಅಂತೀಯ?"

"ಆ ಪದ ನಾನು ಬಾಯಲ್ಲೇ ಎತ್ತಿಲ್ಲ!"

"ಎತ್ತದೆ ಅಂದೆ. ಅದು ಇನ್ನೂ ಕೆಟ್ಟದ್ದು."

ಸಿಂಕಿನ ಮುಂದೆ ಈ ಮಾತು ಇನ್ನೂ ಎರಡು ಸುತ್ತು ಬಂದು, ಡೊಲೊರೆಸ್‌ಳ ಕಾಲದ ಒಂದು ಗಾಜಿನ ಬಟ್ಟಲನ್ನು ಬಲಿ ತೆಗೆದುಕೊಂಡು ನಿಂತಿತು.

ಮನೆಗೆ ಮರಳುವ ದಾರಿಯಲ್ಲಿ ನಡೀನ್ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಎವರೆಟ್ ಕಾರು ಓಡಿಸುತ್ತಿದ್ದ.

"ಹೇಳು, ಏನಿದ್ರೂ ಹೇಳಿಬಿಡು," ಎಂದಳು ಮಾರ್ಸಿ.

"ನೀನು ಆ ಪದ ಆಡಿದ ತಕ್ಷಣ ನಿಮ್ಮಪ್ಪ ನಿನ್ನ ಮಾತು ಕೇಳೋದು ಬಿಟ್ರು. ಅವರ ತಾತನ ಬೂಟು ಬಂದ ತಕ್ಷಣ ನೀನು ಅವರ ಮಾತು ಕೇಳೋದು ಬಿಟ್ಟೆ. ಮಧ್ಯೆ ನನ್ನ ಮಗಳ ಕೈ ಕೋಟಿನ ಒಳಗೇ ಉಳೀತು."

"ನೀನಾದ್ರೂ ಹೇಳ್ಬೋದಿತ್ತಲ್ಲ?"

"ಹೇಳಿದೀನಿ. ಅವಳಿಗೆ ಹೇಳಿದೀನಿ. ಇಂಜಿನ್ ಆರಿಸು, ಕಿಟಕಿ ಇಳಿಸು, ಕೈ ಸ್ಟೀರಿಂಗ್ ಮೇಲೆ, ಕೇಳದೆ ಅಲ್ಲಾಡ್ಬೇಡ. ನಮ್ಮಮ್ಮ ನನಗೆ ಹೇಳಿದ್ದನ್ನೇ ಹೇಳಿದೀನಿ. ಆದ್ರೆ ಅವಳಿಗೆ ಅಜ್ಜ ಅಂದ್ರೆ ಪ್ರಾಣ. ಹೆದರಿಕೆ ಆದಾಗ ಮನುಷ್ಯನಿಗೆ ನೆನಪಾಗೋದು ಸರಿಯಾದ ಪಾಠ ಅಲ್ಲ ಮಾರ್ಸಿ, ಖುಷಿಯಿಂದ ಕಲಿತ ಪಾಠ. ಅದನ್ನ ಕಲಿಸಿದೋರೇ ವಾಪಸ್ ತಗೋಬೇಕು. ಸೋಮವಾರದೊಳಗೆ."

ಮಂಗಳವಾರ ಮಾರ್ಸಿ ಈ ಸಂಕಟವನ್ನು ಬಳಗದ ಮುಂದಿಟ್ಟಳು. ಬಳಗದ ಮುಖ್ಯಸ್ಥೆ ಗ್ರೆಚೆನ್ ಎಲ್ಲವನ್ನೂ ತಲೆದೂಗಿ ಕೇಳಿ, ಒಂದು ಉಪಾಯ ಕೊಟ್ಟಳು. 'ನೀನು' ಎಂದು ಶುರುಮಾಡಬಾರದು. 'ನನಗೆ ಅನ್ನಿಸುತ್ತೆ' ಎಂದು ಶುರುಮಾಡಬೇಕು. ಆಗ ಎದುರಿನವರು ಕೋಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಮಾರ್ಸಿ ಬುಧವಾರ ಕೆಲಸ ಮುಗಿಸಿ ನೇರ ಅಪ್ಪನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ.

"ಅಪ್ಪ, ನನಗೆ ಅನ್ನಿಸುತ್ತೆ…"

"ಏನಾಯ್ತು? ತಲೆ ಸುತ್ತುತ್ತಾ? ಮಧ್ಯಾಹ್ನ ಏನೂ ತಿಂದಿಲ್ವಾ?"

"ತಿಂದಿದೀನಿ. ನನಗೆ ಆತಂಕ ಅನ್ನಿಸುತ್ತೆ, ನಡೀನ್…"

"ಈ ದನಿ ಯಾಕೆ? ನಿಮ್ಮಮ್ಮನಿಗೆ ಕಾಯಿಲೆ ಅಂತ ಹೇಳುವಾಗ ಡಾಕ್ಟ್ರು ಇದೇ ದನೀಲಿ ಮಾತಾಡಿದ್ರು. ಯಾರು ಸತ್ರು?"

"ಯಾರೂ ಸತ್ತಿಲ್ಲ ಅಪ್ಪ! ನನಗೆ ಅನ್ನಿಸಿದ್ದನ್ನ ನಾನು ಹೇಳ್ತೀನಿ, ನಿನಗೆ ಅನ್ನಿಸಿದ್ದನ್ನ ನೀನು ಹೇಳು. ಯಾರೂ ಯಾರನ್ನೂ ಬೈಯೋ ಹಾಗಿಲ್ಲ."

ಸಿರಿಲ್ ಯೋಚಿಸಿದ. "ಸರಿ. ನನಗೆ ಅನ್ನಿಸುತ್ತೆ, ಆ ಲೈಬ್ರರಿಗೆ ಹೋಗೋಕೆ ಶುರು ಮಾಡಿದ ಮೇಲೆ ನಿನಗೆ ಬುದ್ಧಿ ಕಡಿಮೆಯಾಗಿದೆ ಅಂತ. ಹೌದಲ್ಲ, ಹೀಗೆ ಹೇಳಿದ್ರೆ ಹಗುರಾಗುತ್ತೆ!"

ಮಾರ್ಸಿ ಬೇಕೆಂದೇ ಗೇಟು ಬಡಿದು ಹೊರಟುಬಂದಳು. ಬರುವಾಗ ಕಾರಿನಲ್ಲಿ ಅವಳಿಗೆ ಅಳು ಬಂತು. ಅದು ಮಂಗಳವಾರದ ಅಳುವಲ್ಲ. ವಾದದಲ್ಲಿ ಸೋಲುವುದು ಅವಳಿಗೆ ಹೊಸತೇನಲ್ಲ. ಆದರೆ ಸೋಮವಾರ ಎದುರಿಗೇ ನಿಂತಿತ್ತು.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಅಪ್ಪನೂ ಮಗಳೂ ಮಾತು ಬಿಟ್ಟಿದ್ದರು. ಉಪ್ಪು ಬೇಕಾದರೂ ನಡೀನ್‌ಳ ಮೂಲಕವೇ ಕೇಳಬೇಕು. ತಟ್ಟೆ ಖಾಲಿಯಾದ ಮೇಲೆ ಎವರೆಟ್ ಎದ್ದ. ಎದ್ದವನು ತನ್ನ ಕುರ್ಚಿಯನ್ನೂ ಮಾರ್ಸಿಯ ಕುರ್ಚಿಯನ್ನೂ ಅಡುಗೆಮನೆಯ ನಡುವಿಗೆಳೆದು ಅಕ್ಕಪಕ್ಕ ಇಟ್ಟ.

"ಸರ್, ನಿಮ್ಮ ವಿದ್ಯೆ ನನಗೂ ಕಲೀಬೇಕು. ಇದು ಬ್ಯೂಕ್. ನೀವು ಓಡಿಸ್ತಿದೀರಿ. ನಾನು ಪೊಲೀಸ್."

ಸಿರಿಲ್‌ಗೆ ಇಂಥದ್ದೆಂದರೆ ಹಬ್ಬ. ಅವನು ಕುರ್ಚಿಯಲ್ಲಿ ಕೂತು, ಇಲ್ಲದ ಸ್ಟೀರಿಂಗ್ ತಿರುಗಿಸಿದ, ಬಾಯಲ್ಲೇ ಬ್ರೇಕ್ ಹಾಕಿದ. ಎವರೆಟ್ ಹಿಂದಿನಿಂದ ಎರಡು ಹೆಜ್ಜೆ ಇಡುವುದರೊಳಗೆ ಮುದುಕ ಕುರ್ಚಿಯಿಂದ ಹಾರಿ, ಕೈ ಅಗಲಿಸಿ, "ಓಹೋಹೋ ಸಾಹೇಬ್ರು! ಇಷ್ಟು ಬಿಸಿಲಲ್ಲಿ ನಿಮ್ಮನ್ನ ಯಾರು ರಸ್ತೇಲಿ ನಿಲ್ಸಿದ್ದು?" ಎಂದು ಎದೆಯ ಹತ್ತಿರ ಕೈ ತೂರಿಸಿದ. ನಡೀನ್ ಹೊಟ್ಟೆ ಹಿಡಿದು ನಕ್ಕಳು. ಮುನಿಸಿನಲ್ಲಿದ್ದ ಮಾರ್ಸಿಗೂ ತುಟಿ ತಡೆಯಲಾಗಲಿಲ್ಲ.

"ಚೆನ್ನಾಗಿದೆ ಸರ್," ಎಂದ ಎವರೆಟ್. "ಈಗ ನೀವು ಪೊಲೀಸ್. ನಾನು ಓಡಿಸ್ತೀನಿ."

ಸಿರಿಲ್ ಸೌಟನ್ನು ಟಾರ್ಚಿನಂತೆ ಹಿಡಿದು, ಹೊಟ್ಟೆ ಮುಂದೆ ಮಾಡಿ ಬಂದ. ಎವರೆಟ್ ನೆಟ್ಟಗೆ ಕೂತಿದ್ದ. ಎರಡೂ ಕೈ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಂತಿದ್ದವು, ಬೆರಳುಗಳು ಬಿಡಿಬಿಡಿಯಾಗಿ.

"ಏನಪ್ಪಾ, ಎಲ್ಲಿಗೆ ಸವಾರಿ?"

"ಮನೆಗೆ ಸರ್. ಲೈಸೆನ್ಸ್ ನನ್ನ ಹಿಂದಿನ ಬಲ ಜೇಬಲ್ಲಿದೆ ಸರ್. ಬಲಗೈಯಿಂದ ತೆಗೀಬೇಕು. ತೆಗೀಲಾ ಸರ್?"

"ತೆಗೀ."

"ಈಗ ಕೈ ಹಿಂದಕ್ಕೆ ತಗೊಂಡು ಹೋಗ್ತಿದೀನಿ ಸರ್. ನಿಧಾನಕ್ಕೆ. ಇದು ಪರ್ಸು ಸರ್. ಕಪ್ಪು ಬಣ್ಣದ್ದು. ಪರ್ಸು ಮಾತ್ರ ಸರ್. ಕಾರಿನ ಕಾಗದ ಡ್ಯಾಶ್‌ಬೋರ್ಡ್ ಒಳಗಿದೆ ಸರ್…"

ಸಿರಿಲ್ ಸೌಟು ಇಳಿಸಿದ. "ಅಯ್ಯೋ, ಇದೇನಯ್ಯಾ ಇಷ್ಟು ವರದಿ? ಹೀಗಾಡಿದ್ರೆ ಯಾವ ಪೊಲೀಸ್ನೋನಿಗೆ ಅನುಮಾನ ಬರಲ್ಲ? ಕದ್ದ ಗಾಡಿ ಓಡಿಸ್ತಿರೋನ ಹಾಗಿದೀಯ!"

ಎವರೆಟ್ ಕೈ ಅಲ್ಲಾಡಿಸಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. "ಹೌದು ಸರ್. ನಿಲ್ಲಿಸಿದೋರೂ ಹಾಗೇ ಅಂದ್ಕೊಂಡು ಬಂದಿರ್ತಾರೆ."

ನಡೀನ್‌ಳ ನಗು ನಿಂತಿತು. ಆ 'ಸರ್' ಮಾರ್ಸಿಗೆ ಗೊತ್ತಿತ್ತು. ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಈ ಮನೆಯ ಮೇಜಿನ ಮುಂದೆ ಕೇಳಿದ್ದು ಅದೇ 'ಸರ್'. ಅದೇ ಮೆತ್ತಗಿನ ಗಂಟಲು, ಅದೇ ಅಲ್ಲಾಡದ ಕೈ. ಅದನ್ನು ಅವಳೂ ಮರ್ಯಾದೆ ಎಂದೇ ತಿಳಿದಿದ್ದಳು.

ಸಿರಿಲ್‌ಗೂ ಏನೋ ತಟ್ಟಿರಬೇಕು. ಆದರೆ ಅವನು ಅಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ. "ನಿನಗೆ ಸಿಕ್ಕೋರು ಒರಟರು ಇರ್ಬೇಕು," ಎಂದ. "ನಮ್ಮ ಕಣಿವೆ ಹುಡುಗ್ರು ಹಾಗಲ್ಲ."

"ಇರಬಹುದು ಸರ್," ಎಂದ ಎವರೆಟ್. ಎದ್ದು ಸಿಂಕಿನ ಕಡೆ ನಡೆದು, ಅಂಗಿಯ ತೋಳು ಮಡಚಿ, ಮೊದಲ ಬಾರಿಗೆ ಆ ಮನೆಯ ತಿಕ್ಕುವ ಬ್ರಷ್ ಕೈಗೆತ್ತಿಕೊಂಡ.

"ಬಿಡೋ ಮಾರಾಯ, ನೀನೆಲ್ಲಿ ರಾಜಕೀಯ ಮಾತಾಡಿದೆ?"

"ನನಗೂ ಇದು ರಾಜಕೀಯ ಅಲ್ಲ ಅಂತಲೇ ಅನ್ಸುತ್ತೆ. ಆದ್ರೆ ಎಲ್ರೂ ಹೌದು ಅಂತಾರಲ್ಲ. ತೊಳೀತೀನಿ, ಬಿಡಿ."

ಅಡುಗೆಮನೆಯಲ್ಲಿ ನಿಲ್ಲಲು ಸಿರಿಲ್‌ಗೆ ಸಾಧ್ಯವಾಗಲಿಲ್ಲ. ಬ್ಯೂಕಿನ ಬೀಗದ ಕೈ ಎತ್ತಿಕೊಂಡ. "ಬಾ ಪುಟ್ಟಿ, ನಾಳೆ ಹೋಗೋ ದಾರಿ ಒಂದ್ಸಲ ಓಡಿಸಿ ತೋರಿಸು. ನಾನು ಪಕ್ಕದಲ್ಲಿ ಕೂರ್ತೀನಿ. ನಿಮ್ಮಮ್ಮನಿಗೂ ಹೇಳು, ಬರೋದಾದ್ರೆ ಬರ್ಲಿ."

ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಮಾತು ಬಿಟ್ಟಿದ್ದು ಇಬ್ಬರಿಗೂ ಮರೆತುಹೋಗಿತ್ತು, ಸೇತುವೆ ಹತ್ತುವಷ್ಟರಲ್ಲಿ ಜಗಳ ಶುರುವಾಗಿತ್ತು.

"ನೋಡಿದ್ಯಲ್ಲ ಅವನು ಹೇಗೆ ಕೂತಿದ್ದ ಅಂತ," ಎಂದಳು ಮಾರ್ಸಿ ಹಿಂದಿನ ಸೀಟಿನಿಂದ.

"ನೋಡ್ದೆ. ಪಾಪ, ಹೆದರಿದಾನೆ. ಹೆದರೋರನ್ನ ಕಂಡ್ರೆ ನಾಯಿನೂ ಬೊಗಳುತ್ತೆ. ನಾನು ಹೇಳೋದು, ಹೆದರ್ಬೇಡ ಅಂತ."

"ಹೆದರದೆ ಇರೋದೇ ಸವಲತ್ತು ಅಪ್ಪ!"

"ಮತ್ತೆ ಅದೇ ಪದ! ಆ ಪದಕ್ಕೆ ಬಾಡಿಗೆ ಕೊಡ್ತಾರಾ ನಿನಗೆ?"

"ಇಬ್ರೂ ಸ್ವಲ್ಪ ಸುಮ್ನಿರ್ತೀರಾ?" ನಡೀನ್ ಚೀರಿದಳು. "ನನಗೆ ರಸ್ತೆ ಕಾಣ್ತಿಲ್ಲ!"

ರಸ್ತೆ ಕಾಣದಿದ್ದದ್ದು ನಿಜವೇ. ಚರ್ಚಿನ ತಿರುವಿನಲ್ಲಿ 'ನಿಲ್ಲಿ' ಎಂಬ ಕೆಂಪು ಫಲಕದ ಮುಂದೆ ಪೂರ್ತಿ ನಿಲ್ಲಿಸದೆ ಬ್ಯೂಕ್ ಹಾಗೇ ಉರುಳಿಕೊಂಡು ದಾಟಿತು. ಹಿಂದಿನಿಂದ ಸೈರನ್ ಒಮ್ಮೆ ಕೂಗಿ ನಿಂತಿತು. ಕನ್ನಡಿಯಲ್ಲಿ ನೀಲಿ ಕೆಂಪು ದೀಪ.

ನಡೀನ್ ಕಾರನ್ನು ಪಕ್ಕಕ್ಕೆ ತಂದಳು. ಇಂಜಿನ್ ಆರಿಸಿದಳು. ಕಿಟಕಿ ಇಳಿಸಿದಳು. ಎರಡೂ ಕೈ ಸ್ಟೀರಿಂಗ್ ಮೇಲೆ ಹೋದವು, ಬೆರಳುಗಳು ಬಿಡಿಬಿಡಿಯಾಗಿ. ಸಿರಿಲ್‌ನ ಬಲಗೈ ತನ್ನಷ್ಟಕ್ಕೇ ಬಾಗಿಲಿನ ಹಿಡಿಯ ಕಡೆ ಹೊರಟಿತ್ತು.

"ದೇದೊ," ಎಂದಳು ಅವಳು ಮುಂದೆ ನೋಡುತ್ತಲೇ. ಸಣ್ಣ ದನಿ. "ಬೇಡ. ಕೈ ಡ್ಯಾಶ್‌ಬೋರ್ಡ್ ಮೇಲಿಡು. ಪ್ಲೀಸ್."

ಸಿರಿಲ್ ಮೊಮ್ಮಗಳ ಮುಖ ನೋಡಿದ. ಏನು ಕಂಡನೋ, ಎರಡು ಕೈಯನ್ನೂ ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟ.

ಆಗ ಒಂದು ಬಾಗಿಲು ಧಡಾರೆಂದಿತು.

ಆಮೇಲೆ ಎಷ್ಟು ನೆನೆಸಿಕೊಂಡರೂ ಮಾರ್ಸಿಗೆ ತಾನು ಬಾಗಿಲು ತೆಗೆದದ್ದು ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ತಾನು ಆಗಲೇ ರಸ್ತೆಯಲ್ಲಿದ್ದದ್ದು, ಮುಖದ ತುಂಬ ನಗುವಿದ್ದದ್ದು, ಒಂದು ಕೈ ಅಗಲವಾಗಿ ಚಾಚಿ, ಇನ್ನೊಂದು ಕೈ ಬ್ಯಾಗಿನೊಳಗೆ ಕೆಲಸದ ಗುರುತಿನ ಚೀಟಿಗಾಗಿ ತಡಕಾಡುತ್ತಿದ್ದದ್ದು.

"ಅಯ್ಯೋ ಆಫೀಸರ್, ಕ್ಷಮಿಸ್ಬೇಕು! ತಪ್ಪೆಲ್ಲ ನಂದೇ. ಹಿಂದೆ ಕೂತು ನನ್ನಪ್ಪನ ಜೊತೆ ಕಿತ್ತಾಡ್ತಿದ್ದೆ…"

ಅಧಿಕಾರಿ ಇನ್ನೂ ಎಳೆಯ, ಕೆನ್ನೆಯಲ್ಲಿ ಮೊಡವೆ, ಬೇರೆ ಊರಿನವನು. "ಮೇಡಂ, ದಯವಿಟ್ಟು ಒಳಗೆ ಕೂತ್ಕೊಳ್ತೀರಾ?" ಎಂದ. ಮಾರ್ಸಿ ಇನ್ನೂ ಎರಡು ಹೆಜ್ಜೆ ಮುಂದೆ ಬಂದಳು. ಅವನು ತಡೆಯಲಿಲ್ಲ. ಗುರುತಿನ ಚೀಟಿ ಕಂಡು ಅವನ ಮುಖ ಸಡಿಲಿತು. "ಓ, ಡಯಾಲಿಸಿಸ್ ಸೆಂಟರ್! ನಮ್ಮ ಚಿಕ್ಕಮ್ಮನೂ ಅಲ್ಲಿಗೇ ಬರ್ತಾರೆ. ಸಮಯ ಬದಲಾಯಿಸಿ ಅಂತ ನಿಮಗೆ ತುಂಬಾ ಕಾಟ ಕೊಡ್ತಾರಂತೆ." ನಕ್ಕ. ಮಾರ್ಸಿಯೂ ನಕ್ಕಳು. ಎದೆಯೊಳಗೆ ಒಂದು ಬೆಚ್ಚನೆಯ ಹೆಮ್ಮೆ ಎದ್ದಿತು: ಗೆದ್ದೆ.

ಅವನು ಅವಳನ್ನು ದಾಟಿ ಮುಂದಿನ ಕಿಟಕಿಗೆ ಹೋದ.

"ಕೈ ಅಲ್ಲೇ ಇರ್ಲಿ. ಕಾರು ಯಾರದು?"

ಅದು ಬೇರೆ ಮನುಷ್ಯನ ದನಿ. ಮಾರ್ಸಿ ಹಿಂತಿರುಗಿ ನೋಡಿದಳು, ಇನ್ನೊಬ್ಬ ಪೊಲೀಸ್ ಬಂದನೇನೋ ಎಂದು. ಯಾರೂ ಇರಲಿಲ್ಲ.

"ನನ್ನ ಅಜ್ಜಂದು ಸರ್," ಎಂದಳು ನಡೀನ್. "ಲೈಸೆನ್ಸ್ ನನ್ನ ಕೈಚೀಲದಲ್ಲಿದೆ ಸರ್. ಚೀಲ ಕಾಲ ಹತ್ರ ಇದೆ. ತೆಗೀಲಾ ಸರ್?" ಪ್ರತಿ ಮಾತೂ ಎವರೆಟ್‌ನದು, ಮೆತ್ತಗೆ, ಬಿಡಿಸಿ ಬಿಡಿಸಿ. ಅಮ್ಮನ ಬಾಯಿ ಎಲ್ಲಿಯೂ ಇರಲಿಲ್ಲ.

ಅವನು ಬಗ್ಗಿ ಪಕ್ಕದ ಸೀಟು ನೋಡಿದ. ಅಲ್ಲೊಬ್ಬ ಬಿಳಿಯ ಮುದುಕ, ಎರಡೂ ಕೈ ಡ್ಯಾಶ್‌ಬೋರ್ಡಿಗೆ ಅಂಟಿಸಿ, ಉಸಿರು ಬಿಗಿಹಿಡಿದು, ಬೆವರುತ್ತ ಕೂತಿದ್ದಾನೆ. ಅಧಿಕಾರಿಯ ಹುಬ್ಬು ಗಂಟಿಕ್ಕಿತು. "ಸರ್, ನೀವು ಆರಾಮಾಗಿದೀರಾ? ಈ ಹುಡುಗಿ ನಿಮಗೆ ಪರಿಚಯದವಳಾ? ಹೆದರ್ಬೇಡಿ, ಹೇಳಿ."

ಪರಿಚಯದವಳಾ! ಮೂರು ದಿನದ ಕೂಸನ್ನು ಆಸ್ಪತ್ರೆಯಿಂದ ಇದೇ ಬ್ಯೂಕಿನಲ್ಲಿ ಮನೆಗೆ ತಂದವನು ಸಿರಿಲ್.

"ನನ್ನ ಮೊಮ್ಮಗಳು," ಎಂದ, ಕೈ ಎತ್ತದೆ. ಆಮೇಲೆ ಕುತ್ತಿಗೆ ಮಾತ್ರ ತಿರುಗಿಸಿ ಗುಡುಗಿದ: "ಮಾರ್ಸಿ! ಒಳಗೆ ಬಾರೇ! ಏನದು ನಡುರಸ್ತೇಲಿ ಕುಣಿಯೋದು? ಮಗು ಒಬ್ಳೇ ಕೂತಿದೆ ಇಲ್ಲಿ!"

ಅಧಿಕಾರಿ ಮುದುಕನನ್ನು ನೋಡಿದ, ಹುಡುಗಿಯನ್ನು ನೋಡಿದ, ಹೊರಗೆ ನಿಂತಿದ್ದ ಮಾರ್ಸಿಯನ್ನೂ ನೋಡಿದ. ಲೆಕ್ಕ ಕೂಡಿಸಿಕೊಂಡಿರಬೇಕು, ಕಿವಿ ಕೆಂಪಾಯಿತು. ಲೈಸೆನ್ಸ್ ನೋಡಿ ಹಿಂದಕ್ಕೆ ಕೊಟ್ಟು, ಫಲಕ ಕಂಡಲ್ಲಿ ಪೂರ್ತಿ ನಿಲ್ಲಿಸಬೇಕೆಂದು ಎಚ್ಚರಿಸಿ ಹೊರಟ. ಹೋಗುವಾಗ ಮಾರ್ಸಿಗೆ ಟೋಪಿ ಮುಟ್ಟಿ, "ಚಿಕ್ಕಮ್ಮನ್ನ ಸ್ವಲ್ಪ ನೋಡ್ಕೊಳ್ಳಿ ಮೇಡಂ," ಎಂದ.

ಅವನ ಗಾಡಿ ತಿರುವು ದಾಟಿ ಮರೆಯಾಯಿತು. ನಡೀನ್‌ಳ ಕೈ ಇನ್ನೂ ಸ್ಟೀರಿಂಗ್ ಮೇಲೆಯೇ ಇತ್ತು. ಸಿರಿಲ್‌ನದು ಡ್ಯಾಶ್‌ಬೋರ್ಡ್ ಮೇಲೆ. ಮಾರ್ಸಿ ಹಿಂದೆ ಬಂದು ಕೂತಳು.

"ನಡೀನ್, ನನಗೆ ಅನ್ನಿಸುತ್ತೆ…"

"ಅಮ್ಮ. ಬೇಡ." ನಡೀನ್ ಹೇಳಿದಳು: "ನೀನು ಅವನ ಹತ್ರ ಹೋದ್ಯಲ್ಲ, ನೀನು ಅವನ ಮುಖ ನೋಡ್ತಿದ್ದೆ. ನಾನು ಕನ್ನಡೀಲಿ ಅವನ ಕೈ ನೋಡ್ತಿದ್ದೆ."

"ಎಲ್ಲಿತ್ತು?" ಕೇಳಿದ್ದು ಸಿರಿಲ್.

"ಸೊಂಟದ ಹತ್ರ. ಅಮ್ಮನ ಜೊತೆ ಮಾತಾಡುವಾಗ ಇಳಿದಿತ್ತು. ನನ್ನ ಕಿಟಕಿಗೆ ಬರ್ತಾ ಮತ್ತೆ ಅಲ್ಲಿಗೇ ಹೋಯ್ತು."

ಸಿರಿಲ್ ಮೆಲ್ಲಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. "ಇಷ್ಟು ವರ್ಷ ಲಾರಿ ಓಡಿಸಿದೆ," ಎಂದ, "ಅವರ ಕೈ ಎಲ್ಲಿರುತ್ತೆ ಅಂತ ನಾನು ಒಂದಿನ ನೋಡಿಲ್ಲ." "ಪುಟ್ಟಿ, ನಾನು ಕಲಿಸಿದ್ದು ಮರೆತುಬಿಡು. ಪೂರ್ತಿ. ನಿನ್ನಪ್ಪ ಹೇಳಿದ ಹಾಗೇ ಮಾಡ್ಬೇಕು. ನನ್ನ ಮೇಲಾಣೆ."

ಮಾರ್ಸಿಯ ನಾಲಿಗೆಯ ತುದಿಗೆ ಒಂದು ಪದ ಬಂದು ನಿಂತಿತು. ಕನ್ನಡಿಯಲ್ಲಿ ಅಪ್ಪ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಆ ಪದ ಅಂದ್ರೆ ನೋಡು," ಎಂದ.

"ನಾನೇನೂ ಅನ್ನಲ್ಲಪ್ಪ," ಎಂದಳು ಮಾರ್ಸಿ. "ರಸ್ತೆಗೆ ಇಳಿದು ಕುಣಿದೋಳು ನಾನು ತಾನೆ?"

ಮನೆ ತಲುಪಿದಾಗ ಎವರೆಟ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಹೇಗಾಯ್ತು?"

"ನಿಲ್ಲಿಸಿದ್ರು," ಎಂದಳು ನಡೀನ್. ಎವರೆಟ್‌ನ ಕೈ ಟವೆಲಿನೊಳಗೇ ನಿಂತಿತು. "ನಾನು ನೀನು ಹೇಳಿದ ಹಾಗೇ ಮಾಡ್ದೆ. ದೇದೊನೂ ನೀನು ಹೇಳಿದ ಹಾಗೇ ಮಾಡ್ದ, ಅದಕ್ಕೆ ನಾನು ಅವನನ್ನ ಅಪಹರಿಸ್ತಿದೀನಿ ಅಂದ್ಕೊಂಡ್ರು. ಅಮ್ಮ ದೇದೊ ಹೇಳಿದ ಹಾಗೆ ಮಾಡಿದ್ಳು."

ಎವರೆಟ್ ಹೆಂಡತಿಯ ಕಡೆ ತಿರುಗಿದ. "ಇಳಿದ್ಯಾ?"

"ಇಳಿದೆ."

"ಕೈ ಬ್ಯಾಗಿನೊಳಗೆ?"

"ಹೂಂ."

ಎವರೆಟ್ ಗೋಡೆಗೆ ಒರಗಿದ. ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಮಾರ್ಸಿ ಹತ್ತಿರ ಹೋದಳು. ನಗುತ್ತಿದ್ದ. ಆ ಮನೆಯಲ್ಲಿ ಯಾರೂ ಕೇಳಿರದಂಥ ನಗು, ಕಹಳೆಯ ಹಾಗೆ ಒಡೆದು ಬರುತ್ತಿತ್ತು.

"ಇದು ನಗೋ ವಿಷಯ ಅಲ್ಲ ಕಣಯ್ಯ!" ಎಂದು ಸಿರಿಲ್ ಗದರಿದ.

"ಅದು ನನಗೆ ಹೇಳ್ತೀರಾ?" ಎಂದ ಎವರೆಟ್ ಕಣ್ಣೊರೆಸಿಕೊಳ್ಳುತ್ತ, ಮತ್ತೆ ನಕ್ಕ.

ಸೋಮವಾರ ಬೆಳಗ್ಗೆ ಟೈರಿನ ಗಾಳಿ ನೋಡುವ ನೆಪ ಹೂಡಿ ಸಿರಿಲ್ ಮಗಳ ಮನೆಗೆ ಬಂದ. ನಡೀನ್ ಮೂವರಿಗೂ ಕೈ ಬೀಸಿ, ಬ್ಯೂಕನ್ನು ಹಿಂದಕ್ಕೆ ತೆಗೆದು, ಬೀದಿಯ ಕೊನೆಯಲ್ಲಿ ದೀಪ ಮಿನುಗಿಸಿ ತಿರುಗಿದಳು. ಮೂವರೂ ಮೆಟ್ಟಿಲ ಹತ್ತಿರವೇ ನಿಂತರು. ಮಾರ್ಸಿಗೆ ಕೆಲಸಕ್ಕೆ ತಡವಾಗುತ್ತಿತ್ತು, ಹೋಗಲಿಲ್ಲ.

"ಒಂದು ಮಾತು ಹೇಳಿರ್ತೀನಿ," ಎಂದ ಸಿರಿಲ್. "ಆ ಸವಲತ್ತು ಗಿವಲತ್ತು ನಾನು ಈಗ್ಲೂ ಒಪ್ಪಲ್ಲ. ನಮ್ಮ ತಾತ…"

"ಗೊತ್ತಪ್ಪ. ಬೇರೆಯೋರ ಬೂಟು."

"ಹಾಂ. ಅಷ್ಟು ಗೊತ್ತಿದ್ರೆ ಸಾಕು."

ಬಹಳ ಹೊತ್ತಿನ ಮೇಲೆ ಎವರೆಟ್‌ನ ಫೋನು ಸಣ್ಣಗೆ ಸದ್ದು ಮಾಡಿತು. ಇಬ್ಬರೂ ಅವನ ಮೇಲೆ ಬಿದ್ದರು. 'ತಲುಪಿದೆ' ಎಂದಿತ್ತು.

"ಅಷ್ಟೇನಾ?" ಎಂದ ಸಿರಿಲ್. "ಇನ್ನೇನೂ ಬರೆದಿಲ್ವಾ?"

"ಅಷ್ಟೇ."

"ಸದ್ಯ. ಮುಗೀತಲ್ಲ."

"ಎಲ್ಲಿ ಮುಗೀತು? ಸಂಜೆ ವಾಪಸ್ ಬರ್ಬೇಕು," ಎಂದ ಎವರೆಟ್. "ನಮ್ಮಮ್ಮನಿಗೆ ಎಂಬತ್ತಾಯ್ತು. ನಾನು ಮನೆ ಸೇರಿದ್ನಾ ಅಂತ ಈಗ್ಲೂ ಫೋನ್ ಮಾಡ್ತಾಳೆ."

ಸಿರಿಲ್ ಬೀದಿಯ ಕೊನೆಯನ್ನೇ ನೋಡುತ್ತ ನಿಂತ. ಆಮೇಲೆ ಕೋಟು ಬಿಚ್ಚಿ ಮಡಚಿ ಮೆಟ್ಟಿಲ ಮೇಲೆ ಹಾಕಿ, ಅದರ ಮೇಲೆ ಕೂತ. "ಹಾಗಾದ್ರೆ ಒಂದಿಷ್ಟು ಕಾಫಿ ಕಾಯಿಸು," ಎಂದ ಅಳಿಯನಿಗೆ. "ನನಗೇನು, ಬೇರೆ ಕೆಲಸವಾ."